ಪ್ಯಾಡ್ ಒಣಗಿಸುವ ಜಾಗ

ನೆಲ್ಯಾಡಿ
18-6-2024

ಹೇಮಾ,

ನಾನು ಹೇಳುವ ತನಕ ಬರಬೇಡಿ ಎಂದು ನೀನು ಅಂದಿದ್ದೆ, ಹಾಗಾಗಿ ಬರಲಿಲ್ಲ. ಫೋನ್ ಮಾಡುವ ಎಂದರೆ ಕೊಲ್ಲಮೊಗ್ರಿನ ನಿಮ್ಮ ಮನೆಯಲ್ಲಿ ರೇಂಜ್ ಸಿಗಬೇಕಾದರೆ ಗುಡ್ಡೆ ಹತ್ತಬೇಕು. ಈ ಮಳೆಗೆ ಗುಡ್ಡೆ ಹತ್ತು ಎಂದು ಬಾಣಂತಿಗೆ ಹೇಳಲಿಕ್ಕೆ ಆಗುತ್ತದಾ. ಕಾಗದ ಬರೆಯಬೇಡಿ ಎಂದು ನೀನು ಹೇಳಿರಲಿಲ್ಲ. ಪೋಸ್ಟಾಫೀಸಿನಲ್ಲಿ ಕವರು ಕೇಳಿದಾಗ ಅಲ್ಲಿಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೋರ್ಟು ನೋಟೀಸು ಎಂದುಕೊಂಡಿರಬೇಕು.

ವಿಷಯ ಇಷ್ಟೇ. ಕಾರಿಗೆ ಪಾಲಿಶ್ ಹಾಕುವ ಮೆಷಿನಿನ ಪ್ಯಾಡುಗಳು ಹಾಳಾಗುತ್ತಿವೆ. ನೀನು ಇರುವಾಗ ಒಂದು ಫೋಮ್ ಪ್ಯಾಡ್ ಈ ಮಳೆಗಾಲಕ್ಕೆ ತಂದದ್ದು ಮುಂದಿನ ಮಳೆಗಾಲವನ್ನೂ ನೋಡುತ್ತಿತ್ತು. ಈಗ ನಾಲ್ಕು ಕಾರು ಮುಗಿಯುವಾಗ ಅದರ ಕಥೆಯೂ ಮುಗಿಯುತ್ತದೆ. ಮೊನ್ನೆ ಮೆಷಿನ್ ತಿರುಗುತ್ತಿರುವಾಗಲೇ ಪ್ಯಾಡ್ ವೆಲ್ಕ್ರೋ ಬಿಟ್ಟು ಹಾರಿ ಹೋಗಿ ಪಕ್ಕದ ಮನೆಯ ಮಲಯಾಳಿ ಏಲಿಯಮ್ಮ ಚೇಟತ್ತಿಯ ಕೋಳಿಯ ಎದುರು ಬಿತ್ತು. ಕೋಳಿ ಒಮ್ಮೆ ನೋಡಿ ಪುನಃ ಕೆದಕಲು ಸುರು ಮಾಡಿತು. ಮೊದಲಾದರೆ ನಾವಿಬ್ಬರೂ ಒಂದು ವಾರ ಇದನ್ನೇ ಹೇಳಿಕೊಂಡು ನಗುತ್ತಿದ್ದೆವು. ನಾನು ಹೋಗಿ ಪ್ಯಾಡ್ ಹೆಕ್ಕಿಕೊಂಡು ಬಂದೆ, ಅಷ್ಟೆ.

ಈ ಶೆಡ್ಡು ಸುರು ಮಾಡಿದಲ್ಲಿಂದ ಮೆಷಿನನ್ನು ನಾವಿಬ್ಬರೂ ಹಿಡಿದಿದ್ದೇವೆ. ಆದರೆ ಸಂಜೆ ಪ್ಯಾಡ್ ತೊಳೆದು ಒಣಗಿಸಿ ಇಡುತ್ತಿದ್ದದ್ದು ನೀನು. ನಾನು ಆಗ ಗಿರಾಕಿಯ ಹತ್ತಿರ ಮಾತಾಡಿಕೊಂಡು ನಿಂತಿರುತ್ತಿದ್ದೆ. ಹೇಗೆ ಮಾಡುತ್ತಿದ್ದೆ ಎಂದು ಒಂದು ದಿನ ತಿರುಗಿ ನೋಡಿದವನಲ್ಲ. ಬರೆದು ಕಳಿಸು.

ನಾನು ಹುಷಾರಿದ್ದೇನೆ. ಆಸ್ಪತ್ರೆಯ ಕಾಗದಗಳನ್ನು ಕಪಾಟಿನಲ್ಲಿ ನಿನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಕಾರು ತರುವವರಲ್ಲಿ ಕೆಲವರು ಈಗಲೂ ಕೇಳುತ್ತಾರೆ. ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು, ಹೆಣ್ಣು ಮಗು ಎಂದು ಹೇಳುತ್ತೇನೆ. ಹೇಳಿ ಹೇಳಿ ಈಗ ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಬರುತ್ತದೆ.

ಅತ್ತೆಗೆ ನಮಸ್ಕಾರ ಹೇಳು.

ಭವಿತ್


ಕೊಲ್ಲಮೊಗ್ರು
25-6-2024

ಇವರೇ,

ಪತ್ರ ಸಿಕ್ಕಿತು. ಪೋಸ್ಟಿನ ಕುಕ್ಕಪ್ಪಣ್ಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಕೊಟ್ಟರು. ನೀವು ಕೇಳಿದ್ದು ಪ್ಯಾಡಿನ ವಿಷಯ. ಹಾಗಾಗಿ ಪ್ಯಾಡಿನ ವಿಷಯವೇ ಬರೆಯುತ್ತೇನೆ.

ಪ್ಯಾಡ್ ಹಾಳಾಗುವುದು ತೊಳೆಯುವಲ್ಲಿ ಮಾತ್ರ ಅಲ್ಲ, ನಿಮ್ಮ ಕೈಯಲ್ಲೇ ಅರ್ಧ ಹಾಳಾಗುತ್ತದೆ. ನೀವು ಮೆಷಿನನ್ನು ಒತ್ತಿ ಹಿಡಿಯುತ್ತೀರಿ. ಒತ್ತಿದರೆ ಹೊಳಪು ಜಾಸ್ತಿ ಬರುವುದಿಲ್ಲ, ಬಿಸಿ ಜಾಸ್ತಿ ಆಗುತ್ತದೆ. ಆ ಬಿಸಿಗೆ ಫೋಮಿನ ನಡುಭಾಗ ಒಳಗಿಂದಲೇ ಬೆಂದು ಪುಡಿಯಾಗುತ್ತದೆ, ವೆಲ್ಕ್ರೋದ ಅಂಟು ಬಿಡುತ್ತದೆ. ಮೆಷಿನಿನ ತೂಕವೇ ಸಾಕು, ನಿಮ್ಮ ತೂಕ ಸೇರಿಸಬೇಡಿ. ಒಂದು ಕಾರನ್ನು ಒಂದೇ ಪ್ಯಾಡಿನಲ್ಲಿ ಮುಗಿಸುವ ಹಟ ಬೇಡ. ಬಾನೆಟ್ ಆದ ಮೇಲೆ ಅದನ್ನು ತೆಗೆದಿಟ್ಟು ತಣಿಯಲು ಬಿಡಿ, ಬಾಗಿಲುಗಳಿಗೆ ಬೇರೆ ಹಾಕಿ. ಪಾಲಿಶಿನ ಕಾಂಪೌಂಡ್ ಪೇಸ್ಟ್ ಬಟಾಣಿ ಕಾಳಿನಷ್ಟು ಮೂರ್ನಾಲ್ಕು ಬೊಟ್ಟು ಸಾಕು. ನೀವು ದೋಸೆಗೆ ತುಪ್ಪ ಸುರಿದ ಹಾಗೆ ಸುರಿಯುತ್ತೀರಿ, ಅದು ಫೋಮಿನ ಒಳಗೆ ಹೋಗಿ ಕೂರುತ್ತದೆ. ನಡುನಡುವೆ ಹಲ್ಲುಜ್ಜುವ ಹಳೆ ಬ್ರಶ್ಶಿನಲ್ಲಿ ಪ್ಯಾಡಿನ ಮುಖ ಉಜ್ಜಿ. ನಂಬರ್ ಪ್ಲೇಟಿನ ಮೂಲೆ, ಕಂಪೆನಿಯ ಹೆಸರಿನ ಅಕ್ಷರಗಳು, ಅಲ್ಲೆಲ್ಲ ಟೇಪ್ ಹಚ್ಚಿ. ಫೋಮ್ ಹರಿಯುವುದು ಅಲ್ಲೇ. ಮೆಷಿನಿನಿಂದ ಪ್ಯಾಡ್ ತೆಗೆಯುವಾಗ ಅಂಚು ಹಿಡಿದು ನಿಧಾನಕ್ಕೆ ಬಿಡಿಸಿ, ಕೋಳಿಯ ಪುಕ್ಕ ಕೀಳುವ ಹಾಗೆ ಕೀಳಬೇಡಿ.

ಕೆಲಸ ಮುಗಿದ ಕೂಡಲೇ ತೊಳೆಯಬೇಕು. ನಾಳೆ ನೋಡುವ ಎಂದು ಬಿಟ್ಟರೆ ಕಾಂಪೌಂಡ್ ಒಣಗಿ ಕಲ್ಲಾಗುತ್ತದೆ, ಮತ್ತೆ ಎಂತ ಹಾಕಿದರೂ ಹೋಗುವುದಿಲ್ಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ. ಬಟ್ಟೆ ಹಿಂಡಿದ ಹಾಗೆ ತಿರುಚಬಾರದು. ಎರಡು ಅಂಗೈಗಳ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ. ಇಡುವಾಗ ಫೋಮ್ ಕೆಳಗೆ, ವೆಲ್ಕ್ರೋ ಮೇಲೆ. ನೀರು ಅಂಟಿನ ಕಡೆಗೆ ಇಳಿಯಬಾರದು.

ಇಷ್ಟು ಮಾಡಿದರೆ ಬಾಳಿಕೆ ಬರುತ್ತದೆ.

ಇಲ್ಲಿ ಅಮ್ಮ ಬಾಣಂತನ ಬಿಡಲಿಲ್ಲ. ದೇವಕಿ ದೊಡ್ಡಮ್ಮ ದಿನಾ ಬಂದು ಎಣ್ಣೆ ಹಚ್ಚಿ ಹಂಡೆ ತುಂಬ ನೀರು ಹೊಯ್ಯುತ್ತಾರೆ, ಆಮೇಲೆ ಕೆಂಡಕ್ಕೆ ಧೂಪ ಹಾಕಿ ಹೊಗೆ ಕೊಡುತ್ತಾರೆ. ಮಗು ಇಲ್ಲದಿದ್ದರೂ ಹೆತ್ತ ಮೈ ಅಲ್ಲವಾ ಎನ್ನುತ್ತಾರೆ. ಮೊದಲ ವಾರ ಹಾಲು ನಿಲ್ಲಲಿ ಎಂದು ಎದೆಗೆ ಮಲ್ಲಿಗೆ ಹೂ ಇಟ್ಟು ಕಟ್ಟಿದ್ದರು. ಈಗ ನಿಂತಿದೆ. ನಿನ್ನೆ ಪಕ್ಕದ ಮನೆಯವರು ಮಲ್ಲಿಗೆ ಮುಡಿದು ಬಂದರು, ನನಗೆ ಎಂತದೂ ಅನಿಸಲಿಲ್ಲ. ಅನಿಸಬೇಕಿತ್ತೋ ಏನೋ.

ಹೇಮಶ್ರೀ


ನೆಲ್ಯಾಡಿ
4-7-2024

ಹೇಮಾ,

ನಿನ್ನ ಪತ್ರ ಓದಿ ನನಗೆ ಸಮಾಧಾನವಾಯಿತು. ಅಷ್ಟು ಉದ್ದಕ್ಕೆ ಬೈದಿದ್ದೀಯಲ್ಲ, ಹುಷಾರಾಗಿದ್ದೀ ಎಂದರ್ಥ. ಅಪ್ಪನಿಗೂ ಮರ್ಕಂಜಕ್ಕೆ ಫೋನ್ ಮಾಡಿ ಹಾಗೇ ಹೇಳಿದೆ. ಅವರು ಹೂಂ ಎಂದರು.

ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಒತ್ತುವುದಿಲ್ಲ, ಸುರಿಯುವುದಿಲ್ಲ, ಕೀಳುವುದಿಲ್ಲ. ಫೋಮ್ ಹರಿಯುವುದು ನಿಂತಿದೆ. ಆದರೆ ತೊಳೆದದ್ದು ಒಣಗಬೇಕಲ್ಲ. ಈ ಮಳೆಯಲ್ಲಿ ಚಡ್ಡಿ ಬನಿಯನೇ ಒಣಗುತ್ತಿಲ್ಲ, ಇನ್ನು ಬೆರಳು ದಪ್ಪದ ಫೋಮ್ ಎಲ್ಲಿ ಒಣಗುತ್ತದೆ. ಫ್ಯಾನ್ ಕೆಳಗೆ ಇಟ್ಟೆ, ಎರಡು ದಿನಕ್ಕೆ ಮುಗ್ಗುಲು ವಾಸನೆ ಬಂತು. ನೀನು ಎಲ್ಲವನ್ನೂ ಬರೆದು ಒಣಗಿಸುವ ಜಾಗ ಮಾತ್ರ ಬರೆಯಲಿಲ್ಲ, ಮರೆತಿರಬೇಕು.

ಹಾಗಾಗಿ ನಾನೇ ತಲೆ ಓಡಿಸಿದೆ. ಏಲಿಯಮ್ಮ ಚೇಟತ್ತಿಯ ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಉಂಟಲ್ಲ, ಅಲ್ಲಿ ಶೀಟುಗಳ ನಡುವೆ ಬಿದಿರಿಗೆ ಪ್ಯಾಡುಗಳನ್ನೂ ನೇತು ಹಾಕಿದೆ. ಚೇಟತ್ತಿ ಮೊದಲೇ ಹೇಳಿದ್ದರು, "ಮೋನೇ, ಇದು ರಬ್ಬರಿನ ಹೊಗೆ. ನಿನ್ನ ಸ್ಪಂಜಿಗೆ ಆಗುದಿಲ್ಲ." ನಾನು, "ಸ್ಪಂಜೂ ರಬ್ಬರಿನ ತಮ್ಮನೇ ಅಲ್ವಾ ಚೇಟತ್ತಿ" ಎಂದೆ. ಬೆಳಿಗ್ಗೆ ಹೋಗಿ ನೋಡಿದರೆ ಗರಿಗರಿ ಒಣಗಿತ್ತು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಮುಹ್ಸಿನಾ ಟೀಚರ ಬಿಳಿ ಕಾರಿಗೆ ಅದೇ ಪ್ಯಾಡ್ ಹಾಕಿದೆ. ಬಾನೆಟ್ ಮೇಲೆ ಚಹಾ ಚೆಲ್ಲಿದ ಬಣ್ಣದ ಸುತ್ತುಗಳು ಬಂದವು. ಹೊಗೆಯ ಡಾಂಬರು ಪ್ಯಾಡಿನ ಒಳಗೆ ಇಳಿದಿತ್ತು. ಅಂಟೂ ಮೆತ್ತಗಾಗಿ ಎರಡು ಪ್ಯಾಡಿನ ವೆಲ್ಕ್ರೋ ಕೈಗೇ ಬಂತು. ಟೀಚರು ಬಂದು ಮೂಸಿ ನೋಡಿ, "ಎಂತ ಮಾರಾಯ್ರೆ, ನನ್ನ ಕಾರಿಗೆ ಬಾಣಂತಿಗೆ ಹಾಕಿದ ಹಾಗೆ ಹೊಗೆ ಹಾಕಿದ್ದಾ?" ಎಂದು ಕೇಳಿದರು. ನಮ್ಮ ವಿಷಯ ಅವರಿಗೆ ಗೊತ್ತಿಲ್ಲ.

ಬರೆದಾದ ಮೇಲೆ ಇದನ್ನು ನಿನಗೆ ಬರೆಯಬಾರದಿತ್ತು ಎಂದು ಹೊಳೆಯಿತು. ಹೊಡೆದು ಹಾಕಿದರೆ ನೀನು ಬೆಳಕಿಗೆ ಹಿಡಿದು ಓದುತ್ತೀ. ಹಾಗಾಗಿ ಬಿಟ್ಟಿದ್ದೇನೆ. ಕಾರನ್ನು ಪುನಃ ಉಜ್ಜಿ ಬಿಳಿ ಮಾಡಿ ಕೊಟ್ಟೆ.

ಒಂದು ಕೇಳುವುದಿತ್ತು. ಇನ್ವರ್ಟರಿನ ಮೇಲಿನ ಹಲಗೆಯಲ್ಲಿ ಹಳೆ ಹತ್ತಿ ಬಟ್ಟೆಯ ಒಂದು ಗಂಟು ಸಿಕ್ಕಿತು. ಚೌಕ ಚೌಕ ಕತ್ತರಿಸಿ, ಅಂಚು ಮಡಚಿ ಹೊಲಿದು ಇಟ್ಟಿದ್ದೀ. ಮುಟ್ಟಿದರೆ ಕೈಗೆ ಸಿಕ್ಕಿದ್ದೇ ಗೊತ್ತಾಗುವುದಿಲ್ಲ, ಅಷ್ಟು ಮೆತ್ತಗೆ. ಕಾರು ಒರೆಸಲಿಕ್ಕೆ ಮಾಡಿದ್ದಾ? ನೀರು ಚೆನ್ನಾಗಿ ಎಳೆಯಬಹುದು. ಪ್ಯಾಡುಗಳನ್ನು ಅದರ ಮೇಲೆ ಕವುಚಿ ಇಡಬಹುದಾ ಎಂದು ಬರೆ.

ಭವಿತ್


ನೆಲ್ಯಾಡಿ
22-7-2024

ಹೇಮಾ,

ನಿನ್ನ ಉತ್ತರ ಬರಲಿಲ್ಲ. ಆ ಕಡೆ ಗುಡ್ಡೆ ಜರಿದು ರಸ್ತೆ ಬಂದ್ ಆಗಿತ್ತು ಎಂದು ಕೇಳಿದೆ, ಪೋಸ್ಟು ನಡುವೆ ಎಲ್ಲೋ ಕೂತಿರಬೇಕು. ಈಗ ಆಟಿ ತಿಂಗಳೂ ಸುರುವಾಯಿತು. ಆಟಿ ಒಳ್ಳೆಯ ತಿಂಗಳಲ್ಲ ಎಂದು ಅತ್ತೆ ನಿನ್ನನ್ನು ತವರಿನಿಂದ ಕಳಿಸಲಿಕ್ಕಿಲ್ಲ, ನನಗೆ ಗೊತ್ತುಂಟು. ನಾನು ಅವಸರ ಮಾಡುತ್ತಿಲ್ಲ.

ಉತ್ತರಕ್ಕೆ ಕಾಯದೆ ಆ ಗಂಟಿನಿಂದ ಒಂದು ಬಟ್ಟೆ ತೆಗೆದು ಹಲಗೆಯ ಮೇಲೆ ಹಾಸಿ ಪ್ಯಾಡ್ ಇಟ್ಟು ನೋಡಿದೆ. ಇನ್ವರ್ಟರಿನ ಬಿಸಿ ಕೆಳಗಿಂದ ಸ್ವಲ್ಪ ಸ್ವಲ್ಪ ಬರುತ್ತದೆ, ಬಟ್ಟೆ ನೀರು ಎಳೆಯುತ್ತದೆ. ಮರುದಿನ ಬೆಳಿಗ್ಗೆಗೆ ಹದವಾಗಿ ಒಣಗಿತ್ತು. ವಾಸನೆ ಇಲ್ಲ, ಅಂಟಿಗೂ ಏನೂ ಆಗಲಿಲ್ಲ. ಇದೇ ನಿನ್ನ ಗುಟ್ಟು ಎಂದು ಈಗ ಗೊತ್ತಾಯಿತು. ಬಟ್ಟೆಗೆ ಒಂದು ಕಡೆ ಕಾಂಪೌಂಡ್ ಹಿಡಿದಿದೆ, ಅದು ತೊಳೆದರೆ ಹೋದೀತು.

ಇನ್ನೊಂದು ಸಂಗತಿ. ಪುತ್ತೂರಿನ ಅಂಗಡಿಯಲ್ಲಿ ಹೊಸ ಮಾದರಿಯ ಮೆಷಿನ್ ನೋಡಿ ಬಂದೆ. ಹಗುರ ಉಂಟು. ಕೈಗೆ ನಡುಕ ತುಂಬಾ ಕಡಿಮೆ. ನೀನು ಬರುವಾಗ ನಿನಗೆಂದು ಒಂದು ತಂದಿಡುವ ಎಂದಿದ್ದೇನೆ. ಹಳೆಯದನ್ನು ನೀನು ಇನ್ನು ಹಿಡಿಯುವುದು ಬೇಡ.

ಊಟ ಸರಿಯಾಗಿ ಮಾಡು.

ಭವಿತ್


ಕೊಲ್ಲಮೊಗ್ರು
26-7-2024

ಇವರೇ,

ರಸ್ತೆ ಬಂದ್ ಆದದ್ದು ಎರಡೇ ದಿನ. ನಿಮ್ಮ ಹಿಂದಿನ ಪತ್ರ ಸರಿಯಾದ ಹೊತ್ತಿಗೇ ಸಿಕ್ಕಿತ್ತು. ನಾನು ಉತ್ತರ ಬರೆಯಲಿಲ್ಲ.

ಆ ಬಟ್ಟೆಗಳು ಕಾರು ಒರೆಸಲಿಕ್ಕೆ ಮಾಡಿದ್ದಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಬಾಳಿ ಬದುಕಿದವರು ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯಲ್ಲೇ ಮೊದಲು ಎತ್ತಿಕೊಳ್ಳುವುದು, ಅವರ ಆಯುಸ್ಸು ಬರಲಿ ಎಂದು. ಅಜ್ಜಿಯ ಸೀರೆ, ಅಜ್ಜನ ಪಂಚೆ ಅಮ್ಮನಿಂದ ಕೇಳಿ ತಂದು ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಕೂತು ಹೊಲಿದಿದ್ದೆ. ಮೊದಲೇ ಎಲ್ಲ ತಯಾರಿ ಮಾಡಬಾರದು ಎಂದು ಹಿರಿಯರು ಹೇಳುತ್ತಾರೆ, ಅದಕ್ಕೆ ನಿಮಗೂ ತೋರಿಸಲಿಲ್ಲ. ಮನೆಯ ಕಪಾಟಿನಲ್ಲಿ ಮುಗ್ಗುಲು ಹಿಡಿಯುತ್ತದೆ ಎಂದು ಶೆಡ್ಡಿನ ಬೆಚ್ಚಗಿನ ಹಲಗೆಯಲ್ಲಿ ಇಟ್ಟೆ. ನಾನು ಪ್ಯಾಡ್ ಒಣಗಿಸುತ್ತಿದ್ದದ್ದೂ ಅದೇ ಹಲಗೆಯಲ್ಲಿ, ಒಂದು ಕಡೆ ಪ್ಯಾಡ್, ಇನ್ನೊಂದು ಕಡೆ ಆ ಗಂಟು. ಒಣಗಿಸುವ ಜಾಗ ನಾನು ಬರೆಯಲು ಮರೆತದ್ದಲ್ಲ. ಬರೆದರೆ ನೀವು ಅದನ್ನು ಕಾಣುತ್ತೀರಿ ಎಂದು ಬಿಟ್ಟದ್ದು. ನೀವು ಕಂಡಿರಿ, ಅದರ ಮೇಲೆ ಪ್ಯಾಡೂ ಇಟ್ಟಿರಿ.

ಇರಲಿ. ನಿಮಗೆ ಗೊತ್ತಿರಲಿಲ್ಲ.

ಆದರೆ ಹೊಸ ಮೆಷಿನಿನ ಮಾತು ನನಗೆ ಬೇರೆಯೇ ಕೇಳಿತು. ಇಲ್ಲಿ ದೇವಕಿ ದೊಡ್ಡಮ್ಮ ನೀರು ಹೊಯ್ಯುವಾಗ ಒಂದು ದಿನ ಹೇಳಿದರು, "ಬಸುರಿ ಹೆಂಗಸು ಆ ನಡುಗುವ ಮೆಷಿನನ್ನು ಹೊಟ್ಟೆಯ ಹತ್ತಿರ ಹಿಡ್ಕೊಂಡು ನಿಂತ್ರೆ ಮತ್ತೆಂತ ಆಗುದು ಹೇಳು." ಅವರಿಗೆ ಕೆಟ್ಟ ಮನಸ್ಸಿಲ್ಲ, ಹಾಗೆ ಹೇಳುತ್ತಾ ಬೆನ್ನು ಮೆಲ್ಲ ಉಜ್ಜುತ್ತಿದ್ದರು. ಆರನೇ ತಿಂಗಳ ತನಕ ಹಿಡಿದದ್ದು ಹೌದಲ್ಲವಾ. ನನ್ನ ತಲೆಯಲ್ಲೂ ಆಸ್ಪತ್ರೆಯ ಮಂಚದಲ್ಲಿ ಎಚ್ಚರವಾದಲ್ಲಿಂದ ಅದೇ ಉಂಟು. ಈಗ ನೀವೂ ನಡುಕ ಕಡಿಮೆ, ಹಳೆಯದನ್ನು ಇನ್ನು ಹಿಡಿಯಬೇಡ ಎಂದು ಬರೆದಿದ್ದೀರಿ.

ನಾನು ಮೆಷಿನ್ ಹಿಡಿದದ್ದಕ್ಕೇ ಮಗು ಹೋಯಿತು ಎಂದು ನಿಮಗೆ ಅನಿಸುತ್ತದಾ? ಹೌದು ಅಥವಾ ಅಲ್ಲ, ಒಂದೇ ಸಾಲು ಬರೆಯಿರಿ. ನಾನು ಶೆಡ್ಡಿಗೆ ಬರುವುದೋ ಬಿಡುವುದೋ ಅದರ ಮೇಲೆ ಉಂಟು. ಪ್ಯಾಡಿನ ವಿಷಯ ಬರೆಯಬೇಡಿ.

ಹೇಮಶ್ರೀ


ನೆಲ್ಯಾಡಿ
30-7-2024

ಹೇಮಾ,

ಅಲ್ಲ.

ನೀನು ಕೇಳಿದ ಒಂದು ಸಾಲು ಮುಗಿಯಿತು. ಅಷ್ಟನ್ನೇ ಕವರಿಗೆ ಹಾಕಿ ಅಂಟಿಸಿದ್ದೆ. ಪೋಸ್ಟ್ ಡಬ್ಬಿಯ ತನಕ ಹೋಗಿ ಹಿಂದೆ ತಂದು ಹರಿದು ಪುನಃ ಬರೆಯುತ್ತಿದ್ದೇನೆ.

ಡಾಕ್ಟರನ್ನು ನಾನು ಆ ದಿನವೇ ಕೇಳಿದ್ದೆ. ಹೊಕ್ಕುಳಬಳ್ಳಿ ಬಿಗಿದದ್ದು, ಮೆಷಿನಿಗೂ ಅದಕ್ಕೂ ಸಂಬಂಧ ಇಲ್ಲ, ಯಾರು ಏನು ಮಾಡಿದ್ದರೂ ಆಗುತ್ತಿತ್ತು ಎಂದರು. ನಾನು ಅದನ್ನು ನಿನಗೆ ಹೇಳಲಿಲ್ಲ. ನಿನಗೆ ಅಂಥ ಯೋಚನೆ ಇದ್ದೀತು ಎಂದು ನನಗೆ ಹೊಳೆಯಲೇ ಇಲ್ಲ, ಇಲ್ಲದ್ದನ್ನು ಎತ್ತಿ ಯಾಕೆ ಹಾಕುವುದು ಎಂದು ಬಿಟ್ಟೆ. ನೀನು ಹುಷಾರಿದ್ದೀ ಎಂದೇ ನಂಬಿಕೊಂಡಿದ್ದೆ. ಹಾಗೆ ನಂಬಿದರೆ ನನಗೆ ಸುಲಭವಾಗುತ್ತಿತ್ತು.

ಹಗುರದ ಮೆಷಿನ್ ಎಂದದ್ದು ಬೇರೆ ಕಾರಣಕ್ಕೆ. ಈಗ ಎರಡು ಜನರ ಕೆಲಸ ನಾನೊಬ್ಬನೇ ಮಾಡುವುದಲ್ಲವಾ, ಸಂಜೆಗೆ ಕೈಬೆರಳು ಸತ್ತ ಹಾಗೆ ಆಗುತ್ತದೆ. ಅಂಗಿಯ ಗುಂಡಿ ಹಾಕಿದ್ದೇನೋ ಇಲ್ಲವೋ ನೋಡಿಯೇ ತಿಳಿಯಬೇಕು. ನೀನು ರಾತ್ರಿ ಊಟಕ್ಕೆ ಕೂತು ಕೈ ಕೊಡವುತ್ತಿದ್ದದ್ದು ನೆನಪಾಯಿತು. ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ. ಅದಕ್ಕೇ ಬರೆದೆ.

ಇನ್ನು ಬಟ್ಟೆಯ ವಿಷಯ. ಇದನ್ನು ಬರೆಯದೆ ಇದ್ದರೆ ನಾನು ಮತ್ತೆ ಎಂದೂ ಬರೆಯಲಿಕ್ಕಿಲ್ಲ.

ಆ ದಿನ ಬೆಳಿಗ್ಗೆಯಿಂದ ಮಗು ಅಲುಗಲಿಲ್ಲ ಎಂದು ನೀನು ಹೇಳಿದಾಗ ನಾವು ಶೆಡ್ಡಿನಲ್ಲಿದ್ದೆವು, ಉಟ್ಟ ಬಟ್ಟೆಯಲ್ಲೇ ವ್ಯಾನ್ ಹತ್ತಿ ಪುತ್ತೂರಿಗೆ ಹೋದೆವು. ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ ತುಂಬಾ ಹೊತ್ತಾದ ಮೇಲೆ ನರ್ಸ್ ಬಾಗಿಲು ತೆರೆದು, "ಬಟ್ಟೆ ಉಂಟಾ, ಮಗುವಿಗೆ? ಹಳೆಯದಾದರೂ ಸಾಕು" ಎಂದರು. ನನ್ನ ಹತ್ತಿರ ಏನೂ ಇರಲಿಲ್ಲ. ವ್ಯಾನಿಗೆ ಓಡಿದೆ. ಅಲ್ಲಿ ಕಾರು ಒರೆಸುವ ಹೊಸ ಟವೆಲುಗಳ ಒಡೆಯದ ಕಟ್ಟು ಇತ್ತು, ಹಳದಿ ಬಣ್ಣದ್ದು. ಎಲ್ಲವನ್ನೂ ಮುಟ್ಟಿ ನೋಡಿ ಮೆತ್ತಗಿನದೊಂದನ್ನು ಆರಿಸಿದೆ. ಎಲ್ಲವೂ ಒಂದೇ ಇತ್ತು, ಆದರೂ ಆರಿಸಿದೆ. ಅದರಲ್ಲಿ ಸುತ್ತಿ ನನ್ನ ಕೈಯಲ್ಲಿ ಕೊಟ್ಟರು. ನೀನು ನೋಡಲಿಲ್ಲ. ನಿನಗೆ ಎಚ್ಚರವಾಗುವ ಮೊದಲೇ ಕೊಂಡುಹೋಗುವುದು ಒಳ್ಳೆಯದು, ತಾಯಿಗೆ ತೋರಿಸಬೇಡಿ ಎಂದು ಎಲ್ಲರೂ ಹೇಳಿದರು. ಅಪ್ಪ ಮರ್ಕಂಜದಲ್ಲಿ ತೋಟದ ಮೇಲಿನ ಬದಿ ಹಲಸಿನ ಮರದ ಹತ್ತಿರ ಮಣ್ಣು ತೆಗೆದಿದ್ದರು. ಆ ಟವೆಲಿನಲ್ಲೇ ಇಟ್ಟೆವು.

ಕೂದಲು ತುಂಬಾ ಇತ್ತು, ಹೇಮಾ. ಒದ್ದೆಯಾಗಿ ಹಣೆಗೆ ಅಂಟಿತ್ತು. ನಾನು ಟವೆಲಿನ ತುದಿಯಿಂದ ಒರೆಸಿದೆ.

ಕಾರು ಒರೆಸುವ ಬಟ್ಟೆಯಲ್ಲಿ ಮಗುವನ್ನು ಸುತ್ತಿದೆ ಎಂದು ನಿನಗೆ ಹೇಗೆ ಹೇಳುವುದು ಎಂದು ಗೊತ್ತಾಗಲಿಲ್ಲ. ಅದಕ್ಕೆ ನಾನು ಪ್ಯಾಡಿನ ವಿಷಯ ಬರೆದೆ. ಈಗ ನೋಡಿದರೆ ಅವಳಿಗೆಂದು ಹೊಲಿದ ಬಟ್ಟೆಯಲ್ಲಿ ಪ್ಯಾಡ್ ಇಟ್ಟಿದ್ದೇನೆ, ಪ್ಯಾಡಿನ ಜೊತೆಯ ಬಟ್ಟೆಯಲ್ಲಿ ಅವಳನ್ನು ಇಟ್ಟಿದ್ದೇನೆ. ಒಂದನ್ನೂ ಸರಿ ಮಾಡಲಿಲ್ಲ.

ಆ ಬಟ್ಟೆಯನ್ನು ತೊಳೆದೆ. ಉಗುರುಬೆಚ್ಚಗಿನ ನೀರಿನಲ್ಲಿ, ತಿರುಚದೆ. ಅಂಚಿನಲ್ಲಿ ಕಾಂಪೌಂಡಿನ ಒಂದು ಕಲೆ ಉಳಿದಿದೆ, ಹೋಗುತ್ತಿಲ್ಲ. ಗಂಟು ಕಟ್ಟಿ ಅದೇ ಹಲಗೆಯಲ್ಲಿ ಇಟ್ಟಿದ್ದೇನೆ. ಪ್ಯಾಡುಗಳನ್ನು ಅಲ್ಲಿಂದ ತೆಗೆದಿದ್ದೇನೆ.

ಭವಿತ್


ಕೊಲ್ಲಮೊಗ್ರು
5-8-2024

ಭವೀ,

ನಿಮ್ಮ ಪತ್ರವನ್ನು ಬಚ್ಚಲಿನಲ್ಲಿ ಕೂತು ಓದಿದೆ. ದೇವಕಿ ದೊಡ್ಡಮ್ಮ ಹೊರಗೆ ನೀರು ತಣಿಯುತ್ತದೆ ಎಂದು ಕರೆಯುತ್ತಿದ್ದರು. ಏಪ್ರಿಲಿನಿಂದ ನನಗೆ ಅಳು ಬಂದಿರಲಿಲ್ಲ. ಎಲ್ಲರೂ ಅತ್ತುಬಿಡು ಅತ್ತುಬಿಡು ಎಂದು ಹೇಳಿ ಸೋತಿದ್ದರು. ಮೊನ್ನೆ ಬಂತು, ನಿನ್ನೆಯೂ ಬಂತು. ಅಮ್ಮ ಹೆದರಿ ನಿಮಗೆ ಫೋನ್ ಮಾಡುತ್ತೇನೆ ಎಂದು ಗುಡ್ಡೆಗೆ ಹೊರಟಿದ್ದರು, ನಾನೇ ನಿಲ್ಲಿಸಿದೆ.

ಅವಳ ಕೂದಲಿನ ವಿಷಯ ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಬೇರೆ ಏನಾದರೂ ನೆನಪಿದ್ದರೆ ಹೇಳಬೇಕು. ಪತ್ರದಲ್ಲಿ ಬೇಡ.

ಆ ಹಳದಿ ಟವೆಲು ನಾನು ಆರಿಸಿ ತರಿಸಿದ್ದು. ಕಟ್ಟು ಬಂದ ದಿನ ಸಂದಿನಲ್ಲಿ ಬೆರಳು ಹಾಕಿ ಮುಟ್ಟಿ ನೋಡಿದ್ದೆ. ಅದು ಮೆತ್ತಗೇ ಉಂಟು. ನಮ್ಮ ಶೆಡ್ಡಿನಲ್ಲಿ ಅದಕ್ಕಿಂತ ಮೆತ್ತಗಿನದು ಬೇರೆ ಇರಲಿಲ್ಲ. ನೀವು ತಪ್ಪು ಮಾಡಲಿಲ್ಲ. ಹಾಗೆಂದು ಇಷ್ಟರಲ್ಲಿ ಎಲ್ಲ ಸರಿಯಾಯಿತು ಎಂದು ನಾನು ಹೇಳುತ್ತಿಲ್ಲ. ನೀವು "ಅಲ್ಲ" ಎಂದು ಬರೆದದ್ದು ಸಾಕು, ನನ್ನ ತಲೆ ಅದನ್ನು ನಂಬಲು ಇನ್ನೂ ಸ್ವಲ್ಪ ದಿನ ಬೇಕು.

ಈ ಪತ್ರ ಸಿಕ್ಕಿದ ಮೇಲೆ ಬರುವ ಭಾನುವಾರ ಬನ್ನಿ. ಆಟಿ ಮುಗಿಯಲಿ ಎಂದು ಅಮ್ಮ ಹೇಳುತ್ತಾರೆ, ನೀವು ಅದನ್ನೆಲ್ಲ ನೋಡಬೇಡಿ, ಬನ್ನಿ. ಬರುವಾಗ ಬಟ್ಟೆಯ ಗಂಟು ತನ್ನಿ. ಇಲ್ಲಿಂದ ಮರ್ಕಂಜಕ್ಕೆ ಹೋಗುವ. ನನಗೆ ಆ ಹಲಸಿನ ಮರದ ಜಾಗ ತೋರಿಸಿ. ಗಂಟಿನಿಂದ ಒಂದು ಬಟ್ಟೆಯನ್ನು ಅವಳ ಹತ್ತಿರ ಮಣ್ಣಿನಲ್ಲಿ ಇಟ್ಟು ಬರುವ. ಕಲೆ ಇರುವುದನ್ನೇ ಇಡುವ. ಅದು ನಮ್ಮಿಬ್ಬರ ಕೈಯೂ ತಾಗಿದ್ದು.

ಉಳಿದ ಬಟ್ಟೆಗಳು ಪುನಃ ಆ ಹಲಗೆಗೆ ಹೋಗಲಿ. ಪ್ಯಾಡುಗಳು ಅವುಗಳ ಮೇಲೆ ಒಣಗಲಿ, ನನಗೆ ಬೇಸರ ಇಲ್ಲ. ಮರ್ಕಂಜದಿಂದ ನಾನು ನಿಮ್ಮ ಜೊತೆ ನೆಲ್ಯಾಡಿಗೇ ಬರುತ್ತೇನೆ. ಮೆಷಿನ್ ಹಿಡಿಯುತ್ತೇನೋ ಗೊತ್ತಿಲ್ಲ. ಪ್ಯಾಡ್ ತೊಳೆಯುತ್ತೇನೆ.

ಶನಿವಾರದ ಕೆಲಸದ ಪ್ಯಾಡುಗಳನ್ನು ಹಾಗೇ ಬಿಟ್ಟು ಹೊರಡಬೇಡಿ. ಹಸಿ ಇರುವಾಗಲೇ ತೊಳೆದಿಟ್ಟು ಬನ್ನಿ.

ಹೇಮ